ಮಾವನ ಬೆನ್ನು

ನಮ್ಮ ಮಾವ ಟಿವಿ ರಿಪೇರಿಯವರು. ಈಗ ಗೋಡೆಗೆ ನೇತುಹಾಕುವ ತೆಳ್ಳನೆಯ ಟಿವಿಗಳಲ್ಲ. ಹಿಂದೆ ಗೂನು ಇದ್ದ, ಎತ್ತಲು ಇಬ್ಬರು ಬೇಕಾದ ಹಳೆಯ ಟಿವಿಗಳು. ಒಂದು ಕಾಲಕ್ಕೆ ಇಡೀ ಬೀದಿ ಅವರ ಮುಷ್ಟಿಯಲ್ಲಿತ್ತಂತೆ. ಮ್ಯಾಚ್ ನಡೆಯುವಾಗ ಟಿವಿ ಕೈಕೊಟ್ಟರೆ ಆ ಮನೆಯ ಗಂಡಸರೆಲ್ಲ ನಮ್ಮ ಮನೆಮುಂದಿನ ಅಂಗಡಿಯ ಶಟರ್ ಬಳಿ ಹೆರಿಗೆ ವಾರ್ಡಿನ ಹೊರಗೆ ನಿಂತ ಹಾಗೆ ನಿಲ್ಲುತ್ತಿದ್ದರಂತೆ. ಮಾವ ಮಾತ್ರ ಯಾರಿಗೂ ಮುಖ ಕೊಟ್ಟವರಲ್ಲ. ಬಾಯಲ್ಲಿ ನಾಲ್ಕು ಸ್ಕ್ರೂ, ಕೈಯಲ್ಲಿ ಸೋಲ್ಡರಿಂಗ್ ಐರನ್, ಬೀದಿಗೆ ಬೆನ್ನು. "ನಾಳೆ ಬನ್ನಿ" ಅನ್ನುವುದನ್ನೂ ಆ ಬೆನ್ನೇ ಹೇಳುತ್ತಿತ್ತು. ನಾನು ಸೊಸೆಯಾಗಿ ಬಂದಾಗ ನನಗೆ ಮೊದಲು ಪರಿಚಯವಾದದ್ದು ಅವರ ಬೆನ್ನು, ಮುಖ ಆಮೇಲೆ.

ಈ ರಿಪೇರಿಯಲ್ಲಿ ಒಂದು ಪೇಚು ಇದೆ. ಕೈ ಆಡುವುದು ಟಿವಿಯ ಹಿಂಭಾಗದಲ್ಲಿ, ಚಿತ್ರ ಬರುವುದು ಮುಂಭಾಗದಲ್ಲಿ. ತಿರುಪು ತಿರುಗಿಸಿ ಪ್ರತಿಸಲ ಎದ್ದು ಹೋಗಿ ಇಣುಕಿದರೆ ಸಂಜೆಯೊಳಗೆ ಸೊಂಟ ಹೋಗುತ್ತದೆ. ಅದಕ್ಕೆ ಟಿವಿಯ ಎದುರಿಗೆ ಒಂದು ದೊಡ್ಡ ಕನ್ನಡಿ ಇಟ್ಟುಕೊಂಡು, ಕೂತಲ್ಲಿಂದಲೇ ಚಿತ್ರ ನೋಡುತ್ತಾರೆ. ಆ ಕನ್ನಡಿ ಹಿಡಿಯುವ ಕೆಲಸ ಮಾವನ ಮಗಳದು, ಅಂದರೆ ನನ್ನ ನಾದಿನಿಯದು. ತಾಯಿ ಇಲ್ಲದ ಮಗು, ಶಾಲೆಯಿಂದ ಬಂದವಳೇ ಕನ್ನಡಿ ತಬ್ಬಿಕೊಂಡು ನಿಲ್ಲುತ್ತಿದ್ದಳಂತೆ. ಮಾವ ಸ್ಕ್ರೂಗಳ ಸಂದಿಯಿಂದ "ಸ್ವಲ್ಪ ಮೇಲೆ… ಹಾಂ, ಅಲ್ಲೇ" ಅನ್ನುವುದು, ಅವಳು ತೋಳು ನೋಯುವವರೆಗೂ ಹಿಡಿದಿರುವುದು. ಅಪ್ಪ ಮಗಳು ಮುಖ ನೋಡಿ ಮಾತಾಡಿದ್ದಕ್ಕಿಂತ ಕನ್ನಡಿಯಲ್ಲಿ ಮಾತಾಡಿದ್ದೇ ಹೆಚ್ಚು. ಅವಳು ದೊಡ್ಡವಳಾದ ಮೇಲೆ ಕನ್ನಡಿ ಗೋಡೆಯ ಮೊಳೆಗೆ ಹೋಯಿತು.

ನಾದಿನಿ ಒಂದು ಜಾಹೀರಾತು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಸೋಪಿನ ನೊರೆಗೆ ಹೊಳಪು ಕೊಡುವ ಕೆಲಸಕ್ಕೆ ಸೇರಿದಳು. ಮನೆಗೆ ಬಂದರೆ ಅಪ್ಪನ ಹಳೆಯ ಟಿವಿಗಳ ಪರದೆಗೆ ಆಯಸ್ಕಾಂತ ಹಿಡಿದು ಚಿತ್ರವನ್ನು ತಿರುಚುವುದು, ಅದನ್ನು ರೆಕಾರ್ಡ್ ಮಾಡಿ ಎಲ್ಲೆಲ್ಲಿಗೋ ಕಳಿಸುವುದು. ಇದಕ್ಕೆ ಡಿಜಿಟಲ್ ಕಲೆ ಅನ್ನುತ್ತಾರಂತೆ. "ಕೆಟ್ಟಿದ್ದನ್ನ ಸರಿ ಮಾಡೋನು ನಾನು, ಸರಿ ಇರೋದನ್ನ ಕೆಡಿಸೋಳು ನೀನು" ಎಂದು ಮಾವ ಗೊಣಗುತ್ತಿದ್ದರು. ಆದರೆ ಸ್ಪೀಕರ್ ಒಡೆದು ಆ ಆಯಸ್ಕಾಂತ ತೆಗೆದುಕೊಟ್ಟವರೂ ಅವರೇ.

ಹೀಗಿರುವಾಗ ಸಮುದ್ರದಾಚೆಯ ಒಂದು ಕಲಾಕೇಂದ್ರದವರು ಅವಳನ್ನು ಆರಿಸಿದರು. ಚಳಿಗಾಲ ಮುಗಿಯುವವರೆಗೆ ಅಲ್ಲಿ ಇರಬೇಕು, ಕಲೆ ಮಾಡಬೇಕು. ಟಿಕೆಟ್, ಕೋಣೆ, ಊಟ ಎಲ್ಲ ಅವರದೇ. ಲಿಫ್ಟ್ ಮೆಕ್ಯಾನಿಕ್ ಆದ ನನ್ನ ಗಂಡನಿಗೆ ನಂಬಿಕೆಯೇ ಬರಲಿಲ್ಲ. "ಸುಮ್ಮನೆ ಕರ್ಕೊಂಡು ಹೋಗಿ ಊಟ ಹಾಕ್ತಾರಾ? ಏನೋ ಇದೆ ಇದ್ರಲ್ಲಿ" ಎಂದರು. ಇದ್ದದ್ದು ಇಷ್ಟು: ಅಲ್ಲಿನ ಪ್ರದರ್ಶನದ ಹಾಲಿನಲ್ಲಿ ಹಳೆಯ ಟಿವಿಗಳನ್ನು ಗೋಡೆಯಂತೆ ಪೇರಿಸಿ, ಅಷ್ಟರಲ್ಲೂ ಅವಳ ಅಪ್ಪ ನಮ್ಮ ಅಂಗಡಿಯಲ್ಲಿ ಕೂತು ರಿಪೇರಿ ಮಾಡುವುದನ್ನು ಆ ಕ್ಷಣಕ್ಕೆ ಆ ಕ್ಷಣ ತೋರಿಸುವುದು. ನಾದಿನಿ ಆಯಸ್ಕಾಂತ ಹಿಡಿದು ಆ ಚಿತ್ರವನ್ನು ತಿರುಚುವುದು. ಇದೇ ಅವಳ ಕೃತಿ. ಅದಕ್ಕೆಂದು ಶಟರಿನ ಮೇಲೆ, ಒಳಗಡೆ, ಒಂದು ಕ್ಯಾಮೆರಾ ಕೂರಿಸಿ ಹೋದಳು. ಶಬ್ದವೂ ಹೋಗುತ್ತಿತ್ತು. ಬೆಳಗ್ಗೆ ಶುರು, ಸಂಜೆ ಬಂದ್.

ಹೊರಡುವಾಗ ಮಾವ ಹೇಳಿದ್ದು ಒಂದೇ ಮಾತು. "ಈ ರಿಪೇರಿ ಬೆಂಚಿನ ಹಿಂದೆ ಕೂತು ನನ್ನ ಆಯಸ್ಸು ಸವೀತು. ನೀನಾದ್ರೂ ಹೋಗು."

ಪಾಪ, ರಿಪೇರಿಗೆ ಟಿವಿ ಎಲ್ಲಿಂದ ಬರಬೇಕು? ಬೀದಿಯಲ್ಲಿ ಆ ತರಹದ ಟಿವಿ ಉಳಿದೇ ಇರಲಿಲ್ಲ. ಮಾವ ತಮ್ಮದೇ ಒಂದು ಟಿವಿಯನ್ನು ಬೆಳಗ್ಗೆ ಬಿಚ್ಚಿ ಸಂಜೆಗೆ ಜೋಡಿಸತೊಡಗಿದರು. ಮಾರನೆಯ ದಿನ ಮತ್ತೆ ಅದೇ. "ಮಾವ, ಆ ಟಿವಿ ನಿಮ್ಮ ಕೈಯಲ್ಲಿ ಸಿಕ್ಕಿ ಹಣ್ಣಾಯ್ತು" ಎಂದು ನಾನು ರೇಗಿಸಿದರೆ ಬೆನ್ನು ಅಲುಗಾಡಿಸಿ ನಗುತ್ತಿದ್ದರು. ಮಗಳು ನೋಡುತ್ತಿದ್ದಾಳೆ ಎಂಬ ಖುಷಿ ಆ ಬೆನ್ನಿನಲ್ಲೇ ಕಾಣುತ್ತಿತ್ತು.

ಒಂದು ಬೆಳಗ್ಗೆ ಹಲ್ಲುಜ್ಜುವಾಗ ಬ್ರಷ್ ಅವರ ಕೈಯಿಂದ ಬಿತ್ತು. ಎತ್ತಿಕೊಟ್ಟೆ. ಮತ್ತೆ ಬಿತ್ತು. ತಲೆ ಎತ್ತಿ ನೋಡಿದರೆ ಬಾಯಿ ಒಂದು ಕಡೆಗೆ ಜಾರಿತ್ತು. ಲಕ್ವ. ಬಲಗೈ, ಬಲಗಾಲು ಹೋಯಿತು, ಮಾತು ತೊದಲತೊಡಗಿತು. ಆಸ್ಪತ್ರೆಯಲ್ಲಿದ್ದಷ್ಟು ದಿನ ಇಂಟರ್ನೆಟ್ ಕೆಟ್ಟಿದೆ ಎಂದು ನಾದಿನಿಗೆ ಸುಳ್ಳು ಹೇಳಿದೆವು. ಹೇಳಿಸಿದ್ದು ಮಾವ. ಹಾಸಿಗೆಯಲ್ಲಿ ಮಲಗಿ, ಎಡಗೈಯಿಂದ ಮಗನ ಕಾಲರ್ ಹಿಡಿದು, "ಅವಳಿಗೆ ಗೊತ್ತಾದ್ರೆ ಎಲ್ಲಾ ಬಿಟ್ಟು ಓಡಿಬರ್ತಾಳೆ. ಬಂದ್ರೆ ಮುಗೀತು, ಮತ್ತೆ ಯಾರೂ ಕರೆಯಲ್ಲ. ಬೆಂಚಿನ ಹಿಂದೆ ಯಾರನ್ನಾದ್ರೂ ಕೂರಿಸಿ" ಎಂದರು.

"ಯಾರನ್ನಾದ್ರೂ ಅಂದ್ರೆ?" ಎಂದರು ನನ್ನ ಗಂಡ.

"ಕಾಣೋದು ಬೆನ್ನು ತಾನೆ?"

ಮೊದಲು ಗಂಡನೇ ಕೂತರು. ಲಾರಿಯಂಥ ಭುಜಕ್ಕೆ ಮಾವನ ಬೂದು ಕೋಟು ಹಾಕಿದ್ದೇ ತಡ, ಹೊಲಿಗೆ ಪರ್‍ ಎಂದಿತು. ಮೇಲಾಗಿ ಕೆಲಸಕ್ಕೆ ಹೋಗದಿದ್ದರೆ ಆಗದು. ಉಳಿದವಳು ನಾನು. ಮಾವನದೇ ಎತ್ತರ, ಮಾವನದೇ ಮೈಕಟ್ಟು. ಮದುವೆಯಾದಾಗ ಈ ಬಗ್ಗೆ ಬೀದಿಯವರು ಮಾಡಿದ ತಮಾಷೆಗೆ ಆಗ ಅತ್ತಿದ್ದೆ. ಜಡೆಯನ್ನು ಉಣ್ಣೆ ಟೋಪಿಯೊಳಗೆ ತುರುಕಿ, ಕೋಟು ಹಾಕಿ, ಸ್ಟೂಲಿನ ಮೇಲೆ ಕೂತೆ. ಕನ್ನಡಿಯಲ್ಲಿ ನನ್ನ ಮುಖ ಟಿವಿಯ ತಲೆಯ ಮೇಲೆ ಢಾಳಾಗಿ ಕಂಡಿತು. ಸದ್ಯ, ಕ್ಯಾಮೆರಾ ಇನ್ನೂ ಹಚ್ಚಿರಲಿಲ್ಲ. ಕನ್ನಡಿಯನ್ನು ಕೆಳಕ್ಕೆ ಬಾಗಿಸಿಬಿಟ್ಟೆವು. ಈಗ ಅದರಲ್ಲಿ ಬೆಂಚಿನ ಹಲಗೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಮಾವನ ಮಂಚವನ್ನು ಅಂಗಡಿಯಲ್ಲೇ, ಬೆಂಚಿನ ಪಕ್ಕದ ಸತ್ತ ಟಿವಿಗಳ ಕಪಾಟಿನ ಹಿಂದೆ, ಕ್ಯಾಮೆರಾಕ್ಕೆ ಕಾಣದ ಹಾಗೆ ಗೋಡೆಗೆ ಒತ್ತಿ ಹಾಕಿದೆವು. ಒಳಕೋಣೆಯಲ್ಲಿ ಮಲಗಿ ಎಂದರೆ ಕೇಳಲಿಲ್ಲ. ನನ್ನ ಕೆಲಸ ನೋಡಬೇಕಂತೆ. ಕಪಾಟಿನ ಸಂದಿಯಿಂದ ಎಡಗೈ ಬೆರಳಾಡಿಸಿ ಸನ್ನೆ ಮಾಡುವರು: ಆ ಸ್ಕ್ರೂ, ಈ ವೈರು, ಮೆಲ್ಲಗೆ, ಮೆಲ್ಲಗೆ. ನಾನು ಬಿಚ್ಚುವುದು, ಜೋಡಿಸುವುದು. ಮಾತಾಡುವ ಹಾಗಿಲ್ಲ, ತಿರುಗುವ ಹಾಗಿಲ್ಲ, ಬೆನ್ನು ಕೆರೆದರೂ ಗಂಡಸಿನ ಹಾಗೆ ಕೆರೆಯಬೇಕು. ಬಾಗಿಲಿಗೆ ಯಾರಾದರೂ ಬಂದರೆ ಮಾವನ ಹಾಗೇ ಕೈ ಎತ್ತಿ ನಾಳೆ ಬನ್ನಿ ಎಂದು ತೋರಿಸುತ್ತಿದ್ದೆ. ಬೀದಿಯವರಿಗೇ ಗುರುತು ಸಿಗಲಿಲ್ಲ ಅಂದ ಮೇಲೆ ಇನ್ನೇನು? ಎಲ್ಲಕ್ಕಿಂತ ದೊಡ್ಡ ಪೀಕಲಾಟ ಮಾವನ ಕೆಮ್ಮು. ಕಪಾಟಿನ ಹಿಂದೆ ಅವರು ಕೆಮ್ಮಿದರೆ ಸ್ಟೂಲಿನ ಮೇಲೆ ನಾನು ಭುಜ ಕುಣಿಸಬೇಕು. ಕೆಲವು ಸಲ ಅವರು ನಿಲ್ಲಿಸಿದ ಮೇಲೂ ನನ್ನ ಭುಜ ಒಂದೆರಡು ಸುತ್ತು ಕೆಮ್ಮಿದ್ದುಂಟು.

ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಬರಲಿಲ್ಲ. ನನ್ನ ಮನೆಯಲ್ಲಿ ನಾನಿರಲಿಲ್ಲ, ಹಗಲೆಲ್ಲ ಒಂದು ಕೋಟು ಕೂತಿರುತ್ತಿತ್ತು. ಬೆನ್ನ ಮೇಲೆ ಸದಾ ಯಾರೋ ಉಸಿರು ಬಿಡುತ್ತಿರುವ ಹಾಗೆ. ಸಮುದ್ರದಾಚೆ ಎಷ್ಟು ಜನ ನಿಂತು ನೋಡುತ್ತಿದ್ದರೋ ಏನೋ. "ದಿನಾ ಲಿಫ್ಟಲ್ಲಿ ಸಿಕ್ಕೊಂಡೋರನ್ನೆಲ್ಲಾ ಬಿಡಿಸ್ತೀರಲ್ಲ, ನನ್ನನ್ನ ಯಾವಾಗ ಬಿಡಿಸ್ತೀರಿ?" ಎಂದು ಗಂಡನನ್ನು ಕೇಳಿದೆ. ಅವರು ತಲೆ ತಗ್ಗಿಸಿ ಶೂ ಲೇಸು ಕಟ್ಟಿಕೊಂಡರು.

ಸಂಜೆ ಕ್ಯಾಮೆರಾ ಆರಿದ ಮೇಲೆ ನಾದಿನಿ ಫೋನ್ ಮಾಡುತ್ತಿದ್ದಳು. ವಿಡಿಯೋ ಬೇಡವೆಂದು ಮಾವ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು: "ಹಗಲೆಲ್ಲಾ ನೋಡ್ತೀಯಲ್ಲ, ಸಾಲದಾ?"

"ಅಪ್ಪಾ, ಮಾತು ಯಾಕೆ ಹಾಗಿದೆ?"

"ಬಾಯಲ್ಲಿ ಸ್ಕ್ರೂ ಇದೆ."

"ಕನ್ನಡಿ ಯಾಕೆ ಬಗ್ಗಿಸಿದೀಯ? ಕನ್ನಡಿ ಇಲ್ದೆ ಹೇಗೆ ನೋಡ್ತೀಯ?"

ಮಾವ ಸಂದಿಯಿಂದ ಕನ್ನಡಿಯತ್ತ ಇಣುಕಿದರು. "ಬೆಳಕು ಕಣ್ಣಿಗೆ ಹೊಡೆಯುತ್ತೆ" ಎಂದರು. ಅವಳು ಹೂಂ ಎಂದಳು. ಆ ಹೂಂ ನನಗೆ ಸರಿಕಾಣಲಿಲ್ಲ.

ಚಳಿ ಇಳಿಯುತ್ತಾ ಬಂತು, ಇನ್ನೇನು ಬಿಡುಗಡೆ ಎಂದು ನಾನು ಕಾಯುತ್ತಿದ್ದರೆ ಒಂದು ಸಂಜೆ ಅವಳು ಫೋನಿನಲ್ಲಿ ಕುಣಿಯುತ್ತಿದ್ದಳು. ಕಲಾಕೇಂದ್ರದವರಿಗೆ ಬಹಳ ಹಿಡಿಸಿದೆಯಂತೆ, ನಾಳೆ ಊರ ದೊಡ್ಡವರನ್ನೆಲ್ಲ ಕರೆದು ತೋರಿಸುತ್ತಾರಂತೆ, ಬೇಸಿಗೆಯವರೆಗೂ ಮುಂದುವರಿಸಿ ಅನ್ನುತ್ತಿದ್ದಾರಂತೆ. "ಅಪ್ಪಾ, ನಿನಗೆ ಆಗುತ್ತಾ?" ಎಂದಳು. ಮಾವ ನನ್ನ ಕಡೆ ನೋಡಲೂ ಇಲ್ಲ. "ಆಗದೇ ಏನು? ಮುಂದುವರಿಸು" ಅಂದುಬಿಟ್ಟರು.

ಫೋನ್ ಇಡುವವರೆಗೆ ತಡೆದೆ. ಆಮೇಲೆ ನನ್ನ ಬಾಯಿಗೆ ತಡೆ ಇರಲಿಲ್ಲ. ಟೋಪಿ ಕಿತ್ತು ಬೆಂಚಿನ ಮೇಲೆ ಎಸೆದೆ. "ಬೇಸಿಗೇಲಿ ಈ ಉಣ್ಣೆ ಟೋಪಿ ಹಾಕ್ಕೊಂಡು ಕೂರ್ಬೇಕಾ ನಾನು? ನಿಮ್ಮ ಮಗಳು ಈ ಬೆಂಚಿಂದ ತಪ್ಪಿಸ್ಕೊಳ್ಳಲಿ, ನಂಗೂ ಸಂತೋಷವೇ. ಆದ್ರೆ ನಾನ್ಯಾರು ಮಾವ? ನನ್ನನ್ನ ಯಾರೂ ಹೆತ್ತಿಲ್ವಾ?" ಅಳು ಬಂತು, ಅತ್ತುಬಿಟ್ಟೆ. ಮಾವ ಕಪಾಟಿನ ಹಿಂದೆ ಕೆಮ್ಮಿದರು. ನನ್ನ ಭುಜ ತಾನಾಗಿಯೇ ಅಲುಗಾಡಿತು, ಕ್ಯಾಮೆರಾ ಆರಿದ್ದರೂ. ಅದನ್ನು ಅವರು ಸಂದಿಯಿಂದ ನೋಡಿದರು.

ಮರುದಿನ ಬೆಳಗ್ಗೆ ಗಂಡ ಕ್ಯಾಮೆರಾ ಹಚ್ಚಲು ಹೋದಾಗ ಮಾವ, "ನನ್ನ ಎತ್ತಿ ಸ್ಟೂಲಿನ ಮೇಲೆ ಕೂರಿಸು" ಎಂದರು. ಇಬ್ಬರೂ ಸೇರಿ ಕೂರಿಸಿದೆವು. ಬೀಳದ ಹಾಗೆ ಸೊಂಟಕ್ಕೆ ಒಂದು ಟವೆಲ್ ಸುತ್ತಿ ಬೆಂಚಿನ ಕಾಲಿಗೆ ಕಟ್ಟಿದೆವು. ಕೋಟು ಈಗ ಅವರ ಮೈಮೇಲೇ ದೊಡ್ಡದಾಗಿತ್ತು. ಕ್ಯಾಮೆರಾದ ದೀಪ ಹತ್ತಿತು. ನಾನು ಕಪಾಟಿನ ಮರೆಗೆ ಸರಿಯುತ್ತಿದ್ದೆ.

"ಎಲ್ಲಿಗೆ ಹೋಗ್ತೀಯ? ಬಾ ಇಲ್ಲಿ. ಕನ್ನಡಿ ಹಿಡ್ಕೋ" ಎಂದರು, ಗಟ್ಟಿಯಾಗಿ, ಕ್ಯಾಮೆರಾಕ್ಕೆ ಕೇಳುವ ಹಾಗೆ.

"ಮಾವ, ನಿಮ್ಮ ಮುಖ ಅವಳಿಗೆ ಕಾಣ್ಸುತ್ತೆ" ಎಂದು ಪಿಸುಗುಟ್ಟಿದೆ.

"ಕಾಣ್ಸಲಿ. ಒಬ್ಬಳನ್ನ ಬಿಡಿಸೋಕೆ ಹೋಗಿ ಇನ್ನೊಬ್ಬಳನ್ನ ಕಟ್ಟಿಹಾಕಿದೆ. ಸಾಕು."

ಹೋಗಿ ಮೊಳೆಯಿಂದ ಕನ್ನಡಿ ಇಳಿಸಿ ಹಿಡಿದೆ.

"ಸ್ವಲ್ಪ ಮೇಲೆ" ಎಂದರು. "ಹಾಂ, ಅಲ್ಲೇ."

ಸಮುದ್ರದಾಚೆಯ ಆ ಹಾಲಿನಲ್ಲಿ ಏನಾಯಿತೆಂಬುದನ್ನು ನಾದಿನಿ ಆಮೇಲೆ ಹೇಳಿದಳು. ಅಷ್ಟೂ ಟಿವಿಗಳಲ್ಲಿ ಒಮ್ಮೆಲೇ ಅಪ್ಪನ ಮುಖ ಬಂತಂತೆ, ಜಾರಿದ ಬಾಯಿಯ ಸಮೇತ. ಅಲ್ಲಿದ್ದವರು ಇವಳೇ ಆಯಸ್ಕಾಂತದಿಂದ ಮುಖ ತಿರುಚಿದ್ದಾಳೆಂದುಕೊಂಡರು. ಆಯಸ್ಕಾಂತ ಅವಳ ಜೇಬಿನಲ್ಲಿತ್ತು. ಎಲ್ಲರೂ ನಿಂತು ಚಪ್ಪಾಳೆ ಹೊಡೆದರಂತೆ, ಬಹಳ ಹೊತ್ತು. ಕೇಂದ್ರದ ಮುಖ್ಯಸ್ಥರು ಬಂದು ಕೈ ಕುಲುಕಿ, ಇನ್ನು ಮೇಲೆ ದಿನಾ ಕೊನೆಯಲ್ಲಿ ನಿಮ್ಮ ತಂದೆ ಹೀಗೇ ಮುಖ ತೋರಿಸಬಹುದಾ ಎಂದು ಕೇಳಿದರಂತೆ. ಅವಳು ಅಲ್ಲಿಂದ ನೇರ ಕೋಣೆಗೆ ಹೋಗಿ ಚೀಲ ತುಂಬಿಕೊಂಡಳು. ಅರ್ಧಕ್ಕೆ ಬಿಟ್ಟು ಹೋದರೆ ಮತ್ತೆ ಕರೆಯುವುದಿಲ್ಲ ಎಂದರಂತೆ ಕೇಂದ್ರದವರು. ಅಷ್ಟು ಕಾಲ ಕೈಬೀಸಿ ಕರೆದ ಜಗತ್ತು ಅಲ್ಲಿಗೆ ಬಾಗಿಲು ಹಾಕಿಕೊಂಡಿತು.

ಮನೆಗೆ ಬಂದವಳು ಚಪ್ಪಲಿ ಕೂಡ ಬಿಡಲಿಲ್ಲ. ನನ್ನ ಮುಂದೆ ನಿಂತು, "ಅತ್ತಿಗೆ, ಇಷ್ಟು ದಿನ ನಾನು ನೋಡಿದ್ದು ನಿನ್ನ ಬೆನ್ನಾ?" ಎಂದಳು. ಹೌದೆಂದೆ. ಬೈಯುತ್ತಾಳೆ ಎಂದುಕೊಂಡರೆ ನನ್ನನ್ನು ತಬ್ಬಿ, ಬೆನ್ನು ಸವರಿದಳು. ಎಷ್ಟೋ ಕಾಲದ ಮೇಲೆ ಆ ಬೆನ್ನು ನನ್ನದು ಅನ್ನಿಸಿತು. ಆದರೆ ಅವಳ ಚೀಲ ಕಣ್ಣಿಗೆ ಬಿತ್ತು. ನಾನು ಸ್ಟೂಲಿನಿಂದ ಎದ್ದಿದ್ದೆ. ಬೋನಿಗೆ ಬೀಳುವ ಸರದಿ ಈಗ ಅವಳದು.

ಮಾವ ಕಪಾಟಿನ ಹಿಂದೆ ಮಂಚದ ಮೇಲಿದ್ದರು. ಮಗಳ ಹೆಜ್ಜೆ ಕೇಳಿದ್ದೇ ಒದ್ದಾಡಿಕೊಂಡು ಗೋಡೆಯ ಕಡೆ ಹೊರಳಿದರು. ಆ ಬಾಯಿಯನ್ನು ಎದುರೆದುರು ತೋರಿಸುವುದು ಅವರಿಂದಾಗಲಿಲ್ಲ. "ಯಾಕೆ ಬಂದೆ?" ಎಂದರು ಗೋಡೆಗೆ. "ಹೋಗು ಅಂತ ಕಳಿಸಿದ್ದು ನಾನು. ಯಾಕೆ ಬಂದೆ?"

ಅವಳು ಅಪ್ಪನ ಬೆನ್ನನ್ನು ನೋಡುತ್ತಾ ನಿಂತಿದ್ದಳು. ಆಮೇಲೆ ಬೆಂಚಿನ ಹತ್ತಿರ ಹೋಗಿ ಕನ್ನಡಿ ತಂದಳು. ಮಂಚದ ಮೇಲೆ ಮಂಡಿಯೂರಿ, ಅವರ ಮೈಮೇಲಿಂದ ಬಾಗಿ, ಗೋಡೆಗೆ ಒರಗಿಸಿ ಹಿಡಿದಳು. ಇಬ್ಬರೂ ಕನ್ನಡಿಯಲ್ಲೇ ಬಹಳ ಹೊತ್ತು ಒಬ್ಬರನ್ನೊಬ್ಬರು ನೋಡಿದರು. ಅವಳ ತೋಳು ಸೋತು ಕನ್ನಡಿ ಜಾರತೊಡಗಿತು.

"ಸ್ವಲ್ಪ ಮೇಲೆ" ಎಂದರು ಮಾವ.