ಕಚ್ಚಿಕೊಂಡ ಸ್ಟೇರಿಂಗೂ ಪಾಲಾಕ್ಷಯ್ಯನ ಮೂರು ದಿನವೂ

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಪಂಚಾಕ್ಷರಯ್ಯನವರಿಗೆ ಮೂವರು ಗಂಡುಮಕ್ಕಳು. ಮೊದಲಿಬ್ಬರು ಅಪ್ಪನ ಹಿಂದೆ ಮಂಡಿಯಲ್ಲಿ ಕೂತರು. ಕಿರಿಯವನು ಪಾಲಾಕ್ಷ. ತಕ್ಕಡಿಯ ಮುಳ್ಳು ಯಾವುದರ ಮೇಲೆ ನಿಂತಿದೆಯೆಂದು ತಿಳಿಯಲು ಹೋಗಿ, ಸಂತೆಯ ದಿನವೇ ಅದನ್ನು ಬಿಚ್ಚಿ ಗೋಣಿತಾಟಿನ ಮೇಲೆ ಹರವಿಕೊಂಡಿದ್ದ. ಅಪ್ಪ ಹೊಡೆಯಲಿಲ್ಲ. “ಬಿಚ್ಚೋದು ನಿಂಗೆ ಬತ್ತದೆ. ಜೋಡ್ಸೋದ ಎಲ್ಲಾದ್ರೂ ಓಗಿ ಕಲ್ತ್ಕೊ” ಎಂದು, ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ ಹಾಸನದ ಒಂದು ಬಸ್ ಶೆಡ್ಡಿಗೆ ಸೇರಿಸಿ ಬಂದರು.

ಎಂಟು ವರ್ಷ ಅಲ್ಲಿ ಎಣ್ಣೆ ಮೆತ್ತಿಕೊಂಡು ದುಡಿದ ಪಾಲಾಕ್ಷ, ಮದುವೆಯಾದ ಮೇಲೆ ಹೊಳೆನರಸೀಪುರದಲ್ಲಿ ತನ್ನದೇ ಶೆಡ್ಡು ಹಾಕಿದ. ಮುಂದೆ ಶೆಡ್ಡು, ಹಿಂದೆ ಮನೆ, ನಡುವೆ ಅಗಲವಾದ ಅಂಗಳ. ಊರಿನವರ ಬಾಯಲ್ಲಿ ಪಾಲಾಕ್ಷಯ್ಯನಾದ. ಕೆಲಸಗಾರನೆಂದು ಹೆಸರು ಬಂತು, ಜೊತೆಗೆ ಕೆಲಸ ನಿಧಾನವೆಂಬ ದೂರೂ ಬಂತು. ಕೆಟ್ಟದ್ದು ಸರಿಯಾದರೆ ಅವನಿಗೆ ಸಾಲದು. ಯಾಕೆ ಕೆಟ್ಟಿತು ಎಂಬುದು ಗೊತ್ತಾಗದೆ ಗಾಡಿಯನ್ನು ಹೊರಗೆ ಬಿಡುತ್ತಿರಲಿಲ್ಲ. “ನಿಮ್ಮ ಯಜಮಾನ್ರು ಗಾಡಿಗೆ ಔಷಧಿ ಕೊಡೋಕೆ ಮುಂಚೆ ಅದ್ರ ಜಾತಕ ನೋಡ್ತಾರೆ” ಎಂದು ಜನ ಅವನ ಹೆಂಡತಿ ಸುವರ್ಣಮ್ಮನ ಹತ್ತಿರ ನಗಾಡುತ್ತಿದ್ದರು.

ನಲವತ್ತಮೂರರ ಬೇಸಗೆಯಲ್ಲಿ ಅರಕಲಗೂಡಿನ ಡಾಕ್ಟರ್ ತಮ್ಮಯ್ಯನವರ ಕಾರು ಬಂತು. ಹದಿನೈದು ವರ್ಷದ ಹಿಂದಿನ ಅಮೆರಿಕದ ಕಾರು, ಬಟ್ಟೆಯ ಮೇಲ್ಚಾವಣಿ, ಮರದ ಕಡ್ಡಿಯ ಚಕ್ರ. ಕೊಣನೂರಿನ ತನಕ ಹಳ್ಳಿಹಳ್ಳಿಗೆ ಡಾಕ್ಟರನ್ನು ಹೊತ್ತೊಯ್ದ ಕಾರು ಅದು. ಈಗ ಸ್ಟೇರಿಂಗ್ ಚಕ್ರವನ್ನು ಕಾಲು ಸುತ್ತು ತಿರುಗಿಸಿದರೂ ಮುಂದಿನ ಗಾಲಿ ಅಲುಗುತ್ತಿರಲಿಲ್ಲ.

“ಎತ್ತಿಗೆ ಮೂಗುದಾರ ಇಲ್ದಂಗಾಗಿದೆ ಪಾಲಾಕ್ಷಯ್ಯ. ಅದು ಹೋದ ಕಡೆ ನಾನು ಹೋಗ್ತಾ ಇದೀನಿ” ಎಂದರು ಡಾಕ್ಟರು.

ಪಾಲಾಕ್ಷಯ್ಯ ಕಾರಿನಡಿ ತೂರಿ ನೋಡಿದ. ಸ್ಟೇರಿಂಗ್ ಪೆಟ್ಟಿಗೆಯೊಳಗೆ ಶಾಫ್ಟನ್ನು ಹಿಡಿದಿಡುವ ಹಿತ್ತಾಳೆಯ ಬಳೆ, ಬುಷ್ಷು, ಸವೆದಿತ್ತು. ಹೊಸದು ಹಾಕಬೇಕಾದರೆ ಪೆಟ್ಟಿಗೆ ಹೊರಗೆ ಬರಬೇಕು. ಪೆಟ್ಟಿಗೆ ಬರಬೇಕಾದರೆ ಅದರ ಶಾಫ್ಟಿನ ತುದಿಗೆ ಕೂತಿದ್ದ ಗೇಣುದ್ದದ ಉಕ್ಕಿನ ತೋಳು ಕಳಚಬೇಕು. ಗಾಲಿಗಳನ್ನು ಆಚೆ ಈಚೆ ದಬ್ಬುವುದು ಆ ತೋಳೇ. ನಟ್ಟು ಬಿಚ್ಚಿದ, ತೋಳು ಬರಲಿಲ್ಲ. ಹದಿನೈದು ಮಳೆಗಾಲದ ನೀರು, ಕೆಸರು, ತುಕ್ಕು ಸೇರಿ ಅದು ಶಾಫ್ಟನ್ನು ಕಚ್ಚಿ ಹಿಡಿದಿತ್ತು.

“ಹಾಸನದಲ್ಲಿ ಒಬ್ಬ ಉಳಿ ಹಾಕಿ ಸೀಳ್ತೀನಿ ಅಂದ” ಎಂದರು ಡಾಕ್ಟರು.

“ಸೀಳಿದ್ರೆ ಬತ್ತದೆ ಸಾ. ಆಮೇಲೆ ಬೇರೆ ತೋಳು ಎಲ್ಲಿಂದ ತರೋದು? ಯುದ್ಧ ಮುಗಿಯೋ ಗಂಟ ಅಮೆರಿಕದಿಂದ ಒಂದು ಮೊಳೆನೂ ಬರಾಕಿಲ್ಲ.”

ಡಾಕ್ಟರು ಕಾರನ್ನು ಅಲ್ಲೇ ಬಿಟ್ಟು ಪೆಟ್ರೋಲಿನ ಬದಲು ಇದ್ದಿಲಿನಿಂದ ಓಡುವ ಬಸ್ಸು ಹತ್ತಿ ಊರಿಗೆ ಹೋದರು.

ಮೊದಲ ದಿನವೆಲ್ಲ ಪಾಲಾಕ್ಷಯ್ಯ ಸೀಮೆಎಣ್ಣೆ ಬಿಡುತ್ತಾ ಕಾದ. ಸುತ್ತಿಗೆ ಎತ್ತಲಿಲ್ಲ. ಶಾಫ್ಟಿನ ಮೂತಿಗೆ ಹೊಡೆದರೆ ಏಟು ಪೆಟ್ಟಿಗೆಯೊಳಗಿನ ಹಲ್ಲಿಗೆ ಬೀಳುತ್ತದೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಕಾಡಿದ್ದು ಬೇರೆಯೇ. ನಟ್ಟೇ ಇಲ್ಲದ ಮೇಲೆ ಇದನ್ನು ಹಿಡಿದಿಟ್ಟಿರುವುದು ಏನು? ಬೆರಳಾಡಿಸಿ ನೋಡಿದ. ಶಾಫ್ಟಿನ ತುದಿ ಬುಗುರಿಯ ಹಾಗೆ ಮೊನೆಯ ಕಡೆಗೆ ಸಣ್ಣಗಾಗಿತ್ತು. ಗೂಟವನ್ನು ತೂತಿಗೆ ಬಡಿದಷ್ಟೂ ಬಿಗಿಯುವುದಿಲ್ಲವೇ, ಹಾಗೆ. ಅಂದರೆ ಕೂದಲೆಳೆಯಷ್ಟು ಸರಿದರೂ ಸಾಕು, ಪೂರ್ತಿ ಬಿಟ್ಟಂತೆಯೇ. ಆ ಕೂದಲೆಳೆಯನ್ನು ಸರಿಸುವುದು ಹೇಗೆ?

ಮಾರನೆಯ ದಿನ ಪಕ್ಕದ ಕುಲುಮೆಯ ದ್ಯಾವಯ್ಯನನ್ನು ಕರೆದ. ದ್ಯಾವಯ್ಯ ಒಕ್ಕಲುಮನೆಯವನಾದರೂ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟೆ ಹಾಕುವುದರಲ್ಲಿ ಪಳಗಿದವನು. ಇಬ್ಬರೂ ಸೇರಿ ಹಳೇ ಲಾರಿಯ ಕಬ್ಬಿಣದಲ್ಲಿ ಒಂದು ಪುಲ್ಲರ್ ಮಾಡಿದರು. ಎರಡು ಕೊಕ್ಕೆ ತೋಳನ್ನು ಹಿಂದಿನಿಂದ ಹಿಡಿಯುತ್ತವೆ, ನಡುವಿನ ಬೋಲ್ಟು ಶಾಫ್ಟಿನ ಮೂತಿಯನ್ನು ಒತ್ತುತ್ತದೆ. ಬೋಲ್ಟು ಬಿಗಿದಷ್ಟೂ ತೋಳು ಹೊರಕ್ಕೆ ಬರಬೇಕು. ಬಿಗಿದರು. ಕೊಕ್ಕೆಯೇ ಬಾಗಿತು ಹೊರತು ತೋಳು ಬರಲಿಲ್ಲ. ದಪ್ಪ ಕೊಕ್ಕೆ ಮಾಡಿ ಮತ್ತೆ ಬಿಗಿದರು. ಊಹೂಂ.

ದ್ಯಾವಯ್ಯ ಕುಕ್ಕರಗಾಲಲ್ಲಿ ಕೂತು ತೋಳನ್ನೇ ದಿಟ್ಟಿಸಿದ. “ಪಾಲಾಕ್ಷಯ್ನೋರೆ, ನಾವು ಪಟ್ಟೆ ಹಾಕುವಾಗ ಕಾಯಿಸ್ತೀವಿ. ಕಾದ್ರೆ ಅಗಲ ಆಯ್ತದೆ, ಆರಿದ್ರೆ ಕಚ್ಚತದೆ. ಇದೂ ಬಳೆನೇ ಅಲ್ವಾ?”

“ಬಳೆನೇ. ಆದ್ರೆ ಕೆಂಪಗೆ ಕಾಯಿಸ್ಬಾರ್ದು. ಉಕ್ಕಿನ ಹದ ಹೋದ್ರೆ ಇಳಿಜಾರಲ್ಲಿ ಡಾಕ್ಟ್ರ ಕೈಲಿ ಬರೀ ಚಕ್ರ ಉಳೀತದೆ.”

“ಒಲೆ ಮ್ಯಾಲಿನ ಹಂಚಿನಷ್ಟು ಕಾಯಿಸಾನ. ನೀರು ಚಿಮುಕಿಸಿದ್ರೆ ಚುಂಯ್ ಅಂದ್ರೆ ಸಾಕು.”

ಎರಡು ಕಬ್ಬಿಣದ ಗಟ್ಟಿ ಕಾಯಿಸಿ ಇಕ್ಕಳದಲ್ಲಿ ಹಿಡಿದು ತೋಳಿನ ಎರಡು ಮಗ್ಗುಲಿಗೂ ಒತ್ತಿದರು. ನೀರು ಚುಂಯ್ ಎಂದಿತು. ಒಬ್ಬ ಒಂದು ಮಗ್ಗುಲಿಗೆ ಭಾರದ ಸಮ್ಮಟಿಗೆ ಆನಿಸಿ ಹಿಡಿದ, ಇನ್ನೊಬ್ಬ ಎದುರು ಮಗ್ಗುಲಿಗೆ ಹೊಡೆದ. ತುಕ್ಕಿನ ಪುಡಿ ಉದುರಿತು, ಅಷ್ಟೇ. ಮೂರನೆಯ ದಿನ ಬೆಳಿಗ್ಗೆಯೂ ಅದೇ ಪಾಡು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಪಾಲಾಕ್ಷಯ್ಯ ಬೋಲ್ಟನ್ನು ಇನ್ನೂ ಕಾಲು ಸುತ್ತು ಬಿಗಿದು, “ಇದಕ್ಕೂ ಹಟ, ನಮಗೂ ಹಟ. ಉಂಡು ಬರಾಣ” ಎಂದ. ದ್ಯಾವಯ್ಯ ಮನೆಗೆ ಹೋದ.

ಪಾಲಾಕ್ಷಯ್ಯ ಎರಡನೇ ತುತ್ತು ಮುರಿಯುತ್ತಿದ್ದ. ಶೆಡ್ಡಿನಲ್ಲಿ ಕೋವಿ ಹಾರಿದಂಥ ಸದ್ದಾಯಿತು. ಎಂಜಲುಗೈಯಲ್ಲೇ ಓಡಿದ. ತೋಳೂ ಪುಲ್ಲರೂ ಒಂದಾಗಿ ಎದುರಿನ ಮಣ್ಣುಗೋಡೆಗೆ ಬಡಿದು ಬಿದ್ದಿದ್ದವು. ಗೋಡೆಯಲ್ಲಿ ಒಂದು ಗುಳಿ. ಆ ಗುಳಿಯ ಎತ್ತರವನ್ನು ಅವನು ಗೇಣಿನಲ್ಲಿ ಅಳೆದ. ಅರ್ಧ ಗಳಿಗೆಯ ಹಿಂದೆ ದ್ಯಾವಯ್ಯನ ತಲೆ ಅದೇ ಎತ್ತರದಲ್ಲಿತ್ತು.

ನಟ್ಟನ್ನು ಪೂರ್ತಿ ತೆಗೆಯಬಾರದಾಗಿತ್ತು. ತಿರುಪಿನ ತುದಿಯ ಎರಡು ಎಳೆಗೆ ಅದನ್ನು ಕಚ್ಚಿಸಿಟ್ಟಿದ್ದರೆ ತೋಳು ಸಡಿಲಾಗಿ ಬಂದು ನಟ್ಟಿಗೆ ತಾಗಿ ಅಲ್ಲೇ ನಿಲ್ಲುತ್ತಿತ್ತು. ಇಷ್ಟು ಸಣ್ಣ ಸಂಗತಿ ಹೊಳೆಯದೇ ಹೋಯಿತಲ್ಲ ಎಂದು ತನ್ನನ್ನೇ ಬೈದುಕೊಂಡ. ಮರುಗಳಿಗೆಯಲ್ಲೇ ಹಳೆಯ ಗುಣ ತಲೆ ಎತ್ತಿತು. ಯಾರೂ ಮುಟ್ಟದಿರುವಾಗ ಯಾಕೆ ಬಿಟ್ಟಿತು?

ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದ ಸುವರ್ಣಮ್ಮನನ್ನು ಹಿಡಿದ. “ನೀನು ಏನು ನೋಡ್ದೆ?”

“ನೋಡೋದೇನು, ಸದ್ದಾಯ್ತು, ತಿರುಗಿದೆ.”

“ಅದಕ್ಕೆ ಮುಂಚೆ?”

ಸುವರ್ಣಮ್ಮ ಯೋಚಿಸಿದಳು. “ಟಿಣ್ ಟಿಣ್ ಅಂತ ಒಂದೆರಡು ಸಲ ಅಂತು. ಒಲೆಯಿಂದ ಇಳಿಸಿದ ಪಾತ್ರೆ ಆರುವಾಗ ಅಂತದಲ್ಲ, ಹಂಗೆ. ಊಟ ಬಿಟ್ಟು ಎದ್ದು ಬಂದ್ರಲ್ಲ, ಕೈನಾದ್ರೂ ತೊಳ್ಕೊಳ್ಳಿ.”

ಅವನು ಕೈ ತೊಳೆಯಲಿಲ್ಲ. ಅವಳು ಹೇಳಿದ್ದನ್ನೇ ಮತ್ತೆ ಮತ್ತೆ ಕೇಳಿದ.

ಅಷ್ಟರಲ್ಲಿ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಶಾಫ್ಟಿನ ಸುತ್ತ ಸಣ್ಣ ಹಲ್ಲುಗಳಿದ್ದವು, ತೋಳಿನ ತೂತಿನೊಳಗೂ ಅಂಥವೇ. ಯಾವ ಹಲ್ಲಿಗೆ ಯಾವುದು ಕೂತಿತ್ತೆಂದು ಉಳಿಯಿಂದ ಒಂದು ಗೆರೆ ಎಳೆದಿರಲಿಲ್ಲ. ಒಂದು ಹಲ್ಲು ತಪ್ಪಿ ಕೂರಿಸಿದರೂ ಕಾರು ಒಂದು ಕಡೆಗೆ ಚೆನ್ನಾಗಿ ತಿರುಗಿ, ಇನ್ನೊಂದು ಕಡೆಗೆ ಮೊಂಡು ಹಿಡಿಯುತ್ತದೆ.

ಬುಷ್ಷು ಹಾಸನದಿಂದ ಕಡೆಸಿಕೊಂಡು ಬರಲು ನಾಲ್ಕು ದಿನ ಹಿಡಿಯಿತು. ಪೆಟ್ಟಿಗೆ ಕೂರಿಸಿದ ಮೇಲೆ ಸ್ಟೇರಿಂಗ್ ಚಕ್ರಕ್ಕೆ ಕೆಂಪು ದಾರ ಕಟ್ಟಿ, ಈ ಕೊನೆಯಿಂದ ಆ ಕೊನೆಗೆ ಎಷ್ಟು ಸುತ್ತೆಂದು ಎಣಿಸಿದ. ಎರಡೂವರೆ. ಅದರ ಅರ್ಧಕ್ಕೆ ನಿಲ್ಲಿಸಿ, ಗಾಲಿಗಳನ್ನು ನೇರ ಮಾಡಿ ತೋಳು ತೊಡಿಸಲು ಹೋದರೆ ಅದು ಎರಡು ಹಲ್ಲುಗಳ ನಡುವೆ ಬಂತು. ಇತ್ತಲೋ ಅತ್ತಲೋ? ಮನಸ್ಸಿಗೆ ಬಂದ ಕಡೆ ಕೂರಿಸಿ ಕಾರನ್ನು ಅಂಗಳಕ್ಕೆ ತಂದ. ಸುವರ್ಣಮ್ಮ ಗೊಣಗುತ್ತಾ ಮೆಣಸಿನಕಾಯಿ ಬಳಿದುಕೊಂಡಳು. ಎಡಕ್ಕೆ ಪೂರ್ತಿ ತಿರುಗಿಸಿ ಒಂದು ಸುತ್ತು, ಬಲಕ್ಕೆ ಪೂರ್ತಿ ತಿರುಗಿಸಿ ಒಂದು ಸುತ್ತು ಹೊಡೆದ. ಧೂಳಿನಲ್ಲಿ ಎರಡು ದುಂಡನೆಯ ಗುರುತು ಮೂಡಿದವು. ಇಳಿದು ಹೆಜ್ಜೆಯಲ್ಲಿ ಅಳೆದ. ಎಡದ್ದು ಹದಿನಾರು ಹೆಜ್ಜೆ ಅಗಲ, ಬಲದ್ದು ಇಪ್ಪತ್ತು. ತೋಳನ್ನು ಬಿಚ್ಚಿ ಒಂದು ಹಲ್ಲು ಸರಿಸಿ ಮತ್ತೆ ಅಳೆದ. ಹದಿನೇಳು, ಹದಿನೆಂಟು.

“ಒಂದು ಎಜ್ಜೆ ಎಚ್ಚುಕಮ್ಮಿ ನಿಮ್ಮ ಕಾಲಿಂದು” ಎಂದ ದ್ಯಾವಯ್ಯ.

ಈ ಸಲ ಪಾಲಾಕ್ಷಯ್ಯ ಮೊದಲು ಗೆರೆ ಎಳೆದ, ಆಮೇಲೆ ನಟ್ಟು ಬಿಗಿದ.

ಡಾಕ್ಟರು ಬಂದು ಹಾಸನದ ರಸ್ತೆಯಲ್ಲಿ ಎರಡು ಮೈಲಿ ಓಡಿಸಿ ವಾಪಸು ಬಂದರು. “ಬೆರಳು ತೋರಿಸಿದ ಕಡೆ ಹೋಗ್ತದೆ” ಎಂದರು. ಪಾಲಾಕ್ಷಯ್ಯ ಗೋಡೆಯ ಗುಳಿಯನ್ನೂ ಅವರಿಗೆ ತೋರಿಸಿ, ಮುಚ್ಚುಮರೆಯಿಲ್ಲದೆ ತನ್ನ ತಪ್ಪು ಹೇಳಿದ. ಡಾಕ್ಟರು ಗುಳಿಯೊಳಗೆ ಬೆರಳಿಟ್ಟು ನೋಡಿ, “ನನಗೂ ಇಂಥ ಗುಳಿಗಳಿವೆ, ಗೋಡೆ ಮೇಲಲ್ಲ” ಎಂದು ಹೇಳಿ ಹೊರಟರು.

ಆಮೇಲೆ ಕಚ್ಚಿಕೊಂಡದ್ದೆಲ್ಲ ಪಾಲಾಕ್ಷಯ್ಯನ ಶೆಡ್ಡಿಗೆ ಬರತೊಡಗಿತು. ಬಸ್ಸಿನ ಗಾಲಿಯ ನಡುವಿನ ಗುಂಬ, ಅಕ್ಕಿ ಮಿಲ್ಲಿನ ರಾಟೆ, ಶ್ರವಣಬೆಳಗೊಳದ ಒಂದು ಅಂಗಡಿಯ ಬೀಗ ಕೂಡ. ಯುದ್ಧ ಮುಗಿದ ವರ್ಷ ಒಂದು ಲಾರಿಯ ಸ್ಟೇರಿಂಗ್ ತೋಳು ಅದೇ ರೀತಿ ಹಟ ಹಿಡಿಯಿತು. ನಟ್ಟನ್ನು ತುದಿಯ ಎರಡು ಎಳೆಗೆ ಕಚ್ಚಿಸಿ ಬಿಟ್ಟು, ಕಾಯಿಸಿ, ಪುಲ್ಲರ್ ಬಿಗಿದು, ಪಾಲಾಕ್ಷಯ್ಯ ಮಣೆ ಎಳೆದುಕೊಂಡು ದೂರ ಕೂತ. ದ್ಯಾವಯ್ಯನೂ ಬಂದು ಕೂತ. ಲಾರಿಯವನು ಮೂರು ಸಲ ಬಂದು ನೋಡಿ, ಇವರಿಗೆ ಬೇರೆ ಕೆಲಸವಿಲ್ಲವೇ ಎಂಬಂತೆ ಹೋದ.

ಸಂಜೆ ಬಿಸಿಲು ಓರೆಯಾದಾಗ ಟಿಣ್ ಎಂದಿತು. ತೋಳಿನ ಬುಡದಲ್ಲಿ ಚಿಟಿಕೆ ತುಕ್ಕು ಉದುರಿತು. ತೋಳು ಸರಿದ ಜಾಗದಲ್ಲಿ, ಶಾಫ್ಟಿನ ಮೇಲೆ, ದಾರದಷ್ಟು ಸಣ್ಣ, ಹೊಳೆಯುವ ಉಕ್ಕಿನ ಬಳೆಯೊಂದು ಕಂಡಿತು. ಉಸಿರೆಳೆದು ಬಿಡುವಷ್ಟರಲ್ಲಿ ಢಣ್ ಎಂದು ತೋಳು ನಟ್ಟಿಗೆ ಬಂದು ಬಡಿದು ನಿಂತಿತು.

“ಕಂಡ್ಯಾ ದ್ಯಾವಯ್ಯ? ಒಂದೇ ಏಟಿಗೆ ಬಿಡಾಕಿಲ್ಲ ಅದು. ಒಳಗೊಳಗೇ ಚೂರು ಚೂರು ಬಿಟ್ಕೊಂಡು ಬಂದಿರ್ತದೆ. ನಮಗೆ ಕಾಣೋದು ಕಡೇದು.”

“ಅಂಗಾರೆ ನಾವು ಒಡ್ದಿದ್ದೆಲ್ಲ ದಂಡ ಅಲ್ಲ ಅನ್ನಿ” ಎಂದು ದ್ಯಾವಯ್ಯ ಮೊಣಕಾಲು ಹಿಡಿದು ಎದ್ದ. ಪಾಲಾಕ್ಷಯ್ಯ ಏಳಲಿಲ್ಲ. ಆ ಹೊಳೆಯುವ ಬಳೆಗೆ ಉಗುರು ತಾಗಿಸಿ, ಅದು ಇನ್ನೂ ಬೆಚ್ಚಗಿದೆಯೇ ಎಂದು ನೋಡುತ್ತಿದ್ದ.