ಡೆಕಾಲ್ ಮಾಮ

ಓಣಿಯ ಮಕ್ಕಳಿಗೆಲ್ಲ ಅವನು ಡೆಕಾಲ್ ಮಾಮ. ಅಂಗೈಯಗಲದ ಪ್ಲಾಸ್ಟಿಕ್ ಯುದ್ಧವಿಮಾನಗಳಿಗೆ ಅಂಟಿಸುವ ಗುರುತು, ಅಂಕೆ, ಅಕ್ಷರಗಳನ್ನು ಅವನು ಮನೆಯಲ್ಲೇ ಅಚ್ಚು ಹಾಕಿ ಮಾರುತ್ತಾನೆ. ಯಾರಾದರೂ ಬಾಯಿತಪ್ಪಿ ಅದನ್ನು ಸ್ಟಿಕ್ಕರ್ ಅಂದರೆ ಮುಗಿಯಿತು. "ಸ್ಟಿಕ್ಕರ್ ಸೇಬಿಗೆ ಅಂಟಿಸ್ತಾರೆ ಸ್ವಾಮಿ, ಇದು ಡೆಕಾಲ್!" ಎಂದು ಸಿಡಿಯುತ್ತಾನೆ. ವಿಮಾನದ ಡಬ್ಬಿಯಲ್ಲೇ ಬರುವ ಡೆಕಾಲು ಅವನ ಕಣ್ಣಿಗೆ ಬರೀ ಕಸ; ಅದರ ಕೆಂಪು ಒಂದಿಷ್ಟು ಮಂಕಾಗಿದ್ದರೂ ಅವನಿಗೆ ಅವತ್ತು ಊಟ ರುಚಿಸುವುದಿಲ್ಲ. ನೀರಲ್ಲಿ ನೆನೆದ ಡೆಕಾಲನ್ನು ಕುಂಚದ ತುದಿಯಿಂದ ರೆಕ್ಕೆಯ ಮೇಲೆ ಜಾರಿಸುವಾಗಂತೂ ಮನೆಯಲ್ಲಿ ಫ್ಯಾನ್ ತಿರುಗಕೂಡದು, ಬಾಗಿಲು ಬಡಿಯಕೂಡದು. "ಸೀನು ಬಂದ್ರೆ ಪಕ್ಕದ ಮನೆಗೆ ಹೋಗಿ ಸೀನ್ಲಾ?" ಎಂದು ಹೆಂಡತಿ ಕೇಳಿದರೆ, "ಹೋಗಿ ಬಂದ್ರೆ ನಿನಗೆ ಪುಣ್ಯ ಬರುತ್ತೆ" ಎನ್ನುತ್ತಾನೆ. ಇಂಥವನು ಈ ಸಲ ತನ್ನ ಅಕ್ಕನಿಗೆಂದೇ ಒಂದು ವಿಮಾನ ಮಾಡಿದ. ಅಕ್ಕ ವಾಯುನೆಲೆಯಲ್ಲಿ ಅಂಥದೇ ವಿಮಾನದ ಎಂಜಿನ್ ರಿಪೇರಿ ಮಾಡುತ್ತ ನಿವೃತ್ತಳಾದವಳು. ಆ ನಿಜವಾದ ವಿಮಾನವನ್ನು ಹಾರಿಸಿದ ಪೈಲಟ್‌ನ ಹೆಸರನ್ನು ಅದರ ಮೈಮೇಲೆ ಬರೆದಿದ್ದರು. ಹಾರುವಂತೆ ಮಾಡಿದ ಇವಳ ಹೆಸರನ್ನು ಯಾರೂ ಬರೆದಿರಲಿಲ್ಲ. ತಮ್ಮನ ಪುಟ್ಟ ವಿಮಾನ ಕೈಗೆ ಬಂದದ್ದೇ ಅಕ್ಕ ಭೂತಗನ್ನಡಿ ಹಿಡಿದು ಅದರ ಮೂತಿಯಿಂದ ತನಿಖೆ ಶುರುಮಾಡಿದವಳು ನಡುವೆಯೇ ನಿಂತಳು. ಪೈಲಟ್ ಹೆಸರಿನ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಅವಳ ಹೆಸರಿತ್ತು. "ಲೋ, ಇದು ನಾನು ಕಣೋ!" ಎಂದವಳೇ ವಿಮಾನವನ್ನು ತಲೆಯ ಮೇಲೆತ್ತಿ, ಬಾಯಲ್ಲೇ ಎಂಜಿನ್ ಸದ್ದು ಮಾಡುತ್ತ ಮನೆಯಿಡೀ ಸುತ್ತತೊಡಗಿದಳು. "ಅಕ್ಕಾ, ಇನ್ನೂ ಒಣಗಿಲ್ಲ, ಮೆಲ್ಲಗೆ!" ಎಂದು ಡೆಕಾಲ್ ಮಾಮ ನಗುತ್ತ ಹಿಂದೆ ಓಡಿದ. "ಸುಮ್ನಿರೋ," ಎಂದು ಅಕ್ಕ ಅಂಗಳಕ್ಕೇ ಇಳಿದಳು, "ಹಾರೋಕೆ ರೆಡಿ ಅಂತ ಹೇಳೋಳು ನಾನು!"