ಅಕ್ಕನಿಲ್ಲದ ಪ್ರವಾಸ

ನನ್ನ ಥೀಸಿಸ್ ಮುಗಿದಿತ್ತು. ಮುಗಿದಿಲ್ಲ ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಆರು ವರ್ಷವಾಯಿತು — ಅದನ್ನು ಯಾರ ಮುಂದೆಯೂ ಬಾಯಿಬಿಡದೆ, ಒಳಗೇ ಇಟ್ಟುಕೊಂಡು ಚಡಪಡಿಸಿದ್ದೇನೆ.

ಜರ್ಮನಿಗೆ ನಗರ ಯೋಜನೆ ಓದಲು ಹೊರಟಾಗ ಹೊರಮಾವಿನ ನಮ್ಮ ಮನೆಯಲ್ಲಿ ಅಪ್ಪನಿಗೆ ಇಷ್ಟವಿರಲಿಲ್ಲ. ಅವರನ್ನು ಒಪ್ಪಿಸಿದವಳು ನನ್ನ ಅಕ್ಕ, ಮಂಜಕ್ಕ. ಅಮ್ಮನಿಗೆ ಪಾರ್ಶ್ವವಾಯು ಬಡಿದಾಗ ಕಾಲೇಜು ಬಿಟ್ಟು, ಅಮ್ಮ ತೀರಿಕೊಳ್ಳುವವರೆಗೂ ಪಕ್ಕದಲ್ಲಿದ್ದವಳೂ ಅವಳೇ. ನನ್ನಿಂದ ಅವಳು ಕೇಳಿದ್ದು ಒಂದೇ: "ಓದು ಮುಗಿದ್ಮೇಲೆ ನನ್ನೂ ಕರೆಸ್ಕೊ. ಇಬ್ರೂ ಒಂದು ತಿಂಗ್ಳು ಊರೂರು ಸುತ್ತೋಣ. ಹಿಮ ಇರೋ ಬೆಟ್ಟ ನೋಡ್ಬೇಕು ಕಣೇ."

ಎರಡು ವರ್ಷ ಫೋನಿನಲ್ಲಿ ಇದೇ ಮಾತು. ಯಾವ ರೈಲು, ಯಾವ ಬೆಟ್ಟ, ಅಲ್ಲಿ ಅನ್ನ ಸಿಗುತ್ತದೋ ಇಲ್ಲವೋ... ಪಾಸ್‌ಪೋರ್ಟ್ ಮಾಡಿಸಿದಳು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ದಪ್ಪ ಶೂ ಕೊಂಡಳು. ಕಾಲಿಗೆ ಹೊಂದಿಕೊಳ್ಳಲೆಂದು ಸಂಜೆ ಹೊತ್ತು ನೈಟಿಯ ಮೇಲೆಯೇ ಅದನ್ನು ಹಾಕಿಕೊಂಡು ತಾರಸಿಯ ಮೇಲೆ ಓಡಾಡುತ್ತಿದ್ದಳು. ವಿಮಾನಪುರದಿಂದ ಒಂದು ಸಂಬಂಧ ಬಂದಿತ್ತು. "ತಂಗಿ ಜೊತೆ ಸುತ್ಕೊಂಡು ಬಂದ್ಮೇಲೆ ಹೇಳ್ತೀನಿ" ಎಂದು ಅವರನ್ನೂ ಕಾಯಿಸಿದ್ದಳು.

ಥೀಸಿಸ್ ಒಪ್ಪಿಸಿದ ದಿನ ನನ್ನ ಸಹಪಾಠಿಗಳು ಬೆಟ್ಟಗಳನ್ನು ದಾಟಿ ಇಟಲಿಯವರೆಗೆ ಹೋಗೋಣವೆಂದರು. ಅಕ್ಕನನ್ನೂ ಸೇರಿಸಿಕೊಳ್ಳಬಹುದಿತ್ತು — ಯಾರೂ ಬೇಡ ಎನ್ನಲಿಲ್ಲ. ಆದರೆ ನಾನು ಅವರ ನಡುವೆ ಅವಳನ್ನು ಕಲ್ಪಿಸಿಕೊಂಡೆ. ಅವಳ ತಡವರಿಸುವ ಇಂಗ್ಲಿಷು, ಹೋಟೆಲಿನ ಮೇಜಿನ ಮೇಲೆ ಬಿಚ್ಚುವ ಚಟ್ನಿಪುಡಿ, ಆ ಶೂ...

ಫೋನ್ ಮಾಡಿದೆ. "ಅಕ್ಕ, ಥೀಸಿಸ್ ಇನ್ನೂ ಮುಗಿದಿಲ್ಲ. ಈ ಸಲ ಆಗಲ್ಲ."

"ಬಿಡು, ಟೆನ್ಷನ್ ಮಾಡ್ಕೋಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು" ಎಂದಳು.

ನಾನು ಸುತ್ತಿದೆ. ಹಿಮದ ಬೆಟ್ಟವನ್ನೂ ನೋಡಿದೆ. ನೋಡಿದೆ ಎಂದರೆ — ಎಲ್ಲಿಯೂ ನಿಲ್ಲಲಾಗಲಿಲ್ಲ. ಒಂದೂರು ತಲುಪಿದರೆ ಮುಂದಿನ ಊರಿಗೆ ಅವಸರ. ಸಮುದ್ರದ ದಂಡೆಯಲ್ಲಿದ್ದಾಗ ಅಪ್ಪನ ಫೋನ್ ಬಂತು: ಅಕ್ಕ ವಿಮಾನಪುರದವರಿಗೆ ಒಪ್ಪಿಗೆ ಕೊಟ್ಟಿದ್ದಳು. "ಇನ್ಯಾಕೆ ಕಾಯ್ಸೋದು ಅಂದ್ಲಮ್ಮ. ನೀನು ಓದು ಮುಗಿಸ್ಕೊಂಡು ಬಾ."

ಮದುವೆಗೆ ಬಂದಿಳಿದಾಗ ಆ ದಂಡೆಯ ಬಿಸಿಲಿಗೆ ನನ್ನ ಮುಖ ಕಪ್ಪಿಟ್ಟಿತ್ತು. ಧಾರೆ ಸೀರೆಯುಟ್ಟು ಕೂತಿದ್ದ ಅಕ್ಕ ಬಂದವರಿಗೆಲ್ಲ ಹೇಳಿದಳು: "ಪಾಪ, ನಿದ್ದೆಗೆಟ್ಟು ಓದಿ ಹೆಂಗಾಗಿದ್ದಾಳೆ ನೋಡಿ." ನಾನು ನಕ್ಕೆ. ನಕ್ಕುಬಿಟ್ಟೆ.

ಭಾವ ಒಳ್ಳೆಯವರು. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ — ಅದರಿಂದ ನಾನು ಮಾಡಿದ್ದು ಬೇರೆಯಾಗುವುದಿಲ್ಲ. ಅವಳು ತನಗೆಂದು ಕೇಳಿಕೊಂಡಿದ್ದು ಒಂದು ತಿಂಗಳು. ಅದನ್ನು ತಪ್ಪಿಸಿದವಳು ನಾನು.

ಮೊನ್ನೆ ಇಂದಿರಾನಗರದ ಆಫೀಸಿನಲ್ಲಿ ಕೆಲಸ ಮಾಡಲಾಗದೆ ಮಧ್ಯಾಹ್ನವೇ ಎದ್ದು ಅಕ್ಕನ ಮನೆಗೆ ಹೋದೆ. ಅಡುಗೆಮನೆಯಲ್ಲಿ ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಸ್ಟವ್ ಆರಿಸಿದಳು. ನನ್ನ ಕಡೆ ತಿರುಗಲಿಲ್ಲ.

"ನಾನ್ ಬಂದಿದ್ರೆ ನಿಂಗೆ ನಾಚ್ಕೆ ಆಗ್ತಿತ್ತಾ?"

ಬೇರೆ ಉತ್ತರಗಳೂ ಬಾಯಿಗೆ ಬಂದವು. "ಹೂಂ ಅಕ್ಕ" ಎಂದೆ.

ಅವಳು ಕೈ ಒರೆಸಿಕೊಂಡು, ಮಗಳನ್ನು ಶಾಲೆಯಿಂದ ಕರೆತರಲು ಹೊರಟಳು. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅವಳು ಬರುವ ಮೊದಲೇ ಹೊರಟುಬಿಡಬೇಕೆನಿಸಿತು — ಬಾಗಿಲವರೆಗೂ ಹೋದೆ. ಚಪ್ಪಲಿಗೆ ಕಾಲಿಟ್ಟೆ. ಮತ್ತೆ ಬಿಚ್ಚಿ ಒಳಗೆ ಬಂದೆ, ಅವಳು ಬಂದು ಏನು ಹೇಳುತ್ತಾಳೋ ಅದನ್ನು ಪೂರ್ತಿ ಕೇಳಿಸಿಕೊಂಡೇ ಹೊರಡುವುದೆಂದು.